ನಮ್ಮ ಮನೆತನದಲ್ಲಿ ಇಲ್ಲದ ರೋಗ

ಕಣ್ಣು ಕೆಂಪಾಗಿದೆ ಎಂದು ಬಂದವರಿಗೆ ನಾನು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕಣ್ಣಿಗೆ ಸಂಬಂಧಪಟ್ಟವೇ ಅಲ್ಲ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆಯೇ? ಬಾಯಲ್ಲಿ ಪದೇ ಪದೇ ಹುಣ್ಣಾಗುತ್ತದೆಯೇ? ಮೈಮೇಲೆ ಬಿಳಿ ಮಚ್ಚೆ ಬಂದಿದೆಯೇ? ನಿಂತ ನೀರಿನಲ್ಲಿ ಕೆಲಸ ಮಾಡಿದ್ದೀರಾ? ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ? ಬೈಲಹೊಂಗಲದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಇದೇ. ಡಾಕ್ಟರು ದೀಪ ಹಾಕಿ ಕಣ್ಣಿನೊಳಗೆ ಇಣುಕುವ ಮೊದಲು ರೋಗಿಯನ್ನು ಎದುರು ಕೂರಿಸಿಕೊಂಡು ಅವನ ಹಿಂದುಮುಂದೆಲ್ಲ ಕೇಳಿ ತಿಳಿದುಕೊಳ್ಳುವುದು. ತಿಂಗಳಿಗೊಮ್ಮೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಿಬಿರ ನಡೆಯುತ್ತದೆ. ಅಲ್ಲಿಯೂ ಬಾಗಿಲ ಬಳಿಯ ಮೇಜು ನನ್ನದೇ. ಇಷ್ಟು ವರ್ಷ ಕೇಳಿ ಕೇಳಿ ಮನುಷ್ಯರ ಮೇಲೆ ನನಗೆ ಪ್ರೀತಿ ಹೆಚ್ಚಾಗಿದೆ ಎಂದು ಹೇಳಲಾರೆ.

ಕಣ್ಣಿನ ಒಳಪದರದಲ್ಲಿ ಬರುವ ಈ ಉರಿಯೂತಕ್ಕೆ ಯುವೈಟಿಸ್ ಎನ್ನುತ್ತಾರೆ. ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕು ದಿನ ರಜೆ ಹೊಡೆಯುವ ಮದ್ರಾಸ್ ಐ ಅಲ್ಲ ಇದು. ಮೈಯೊಳಗೆ ಇನ್ನೆಲ್ಲೋ ಇರುವ ತಕರಾರು ಕಣ್ಣಿಗೆ ಬಂದು ಕೂರುತ್ತದೆ. ಆ ತಕರಾರು ಯಾವುದು ಎಂದು ಹುಡುಕದೆ ಬರೀ ಹನಿ ಬಿಡುತ್ತಾ ಹೋದರೆ ಕಣ್ಣು ಮೇಲೆ ಬೆಳ್ಳಗಾಗುತ್ತದೆ, ಒಳಗೆ ಹಾಳಾಗುತ್ತದೆ. ನಮ್ಮ ಜನಕ್ಕೆ ಬೆಳ್ಳಗಾದರೆ ಸಾಕು. ಮೆಡಿಕಲ್ ಅಂಗಡಿಯವನು ಕೊಟ್ಟ ಹನಿಯಿಂದ ಒಂದೇ ರಾತ್ರಿಯಲ್ಲಿ ಕೆಂಪು ಇಳಿದರೆ ಅವನನ್ನು ಧನ್ವಂತರಿ ಎಂದು ಹೊಗಳುತ್ತಾರೆ, ಉಳಿದ ಅರ್ಧ ಬಾಟಲಿಯನ್ನು ಪಕ್ಕದ ಮನೆಗೆ ಪ್ರಸಾದ ಹಂಚಿದಂತೆ ಕೊಡುತ್ತಾರೆ.

ನಮ್ಮ ಡಾಕ್ಟರಿಗೆ ನಕಾಶೆಯ ಹುಚ್ಚು. ಈ ರೋಗ ಎಲ್ಲ ಕಡೆ ಇದ್ದರೂ ಕಾರಣ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನು ಅವರು ಸಿಕ್ಕಿದವರಿಗೆಲ್ಲ ವಿವರಿಸುತ್ತಾರೆ. ಯುರೋಪಿನಂಥ ಚಳಿ ದೇಶಗಳಲ್ಲಿ ಬೆನ್ನುಮೂಳೆ ಬಿಗಿಯುವ ಕಾಯಿಲೆಯ ಜೊತೆ ಬರುವುದು ಹೆಚ್ಚು. ತುರ್ಕಿಯಿಂದ ಜಪಾನಿನವರೆಗೆ ಹಿಂದೆ ರೇಷ್ಮೆ ಹೊತ್ತ ಒಂಟೆಗಳು ಹೋದ ದಾರಿಯುದ್ದಕ್ಕೂ ಬಾಯಿ ಹುಣ್ಣಿನ ಜೊತೆ ಬರುವಂಥದ್ದು ಕಾಣುತ್ತದೆ. ಜಪಾನಿನ ಕಡೆ ಮೈಮೇಲೆ ಬಿಳಿ ಮಚ್ಚೆ ಎದ್ದು, ಕಿವಿಯಲ್ಲಿ ಗುಂಯ್ ಎಂದು, ಎರಡೂ ಕಣ್ಣು ಒಟ್ಟಿಗೆ ಮಂಜಾಗುವ ಬಗೆ ಹೆಚ್ಚು. ನಮ್ಮ ದೇಶಕ್ಕೆ ಬಂದರೆ ಟಿ.ಬಿ., ನೀರು ನಿಲ್ಲುವ ಹೊಲಗಳ ಕಡೆ ಇಲಿ ಜ್ವರ.

ಅವರ ನಕಾಶೆ ಅಲ್ಲಿಗೆ ಮುಗಿಯುತ್ತದೆ. ನನ್ನದು ಅಲ್ಲಿಂದ ಶುರುವಾಗುತ್ತದೆ. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಗದ್ದೆಯಲ್ಲಿ ದುಡಿಯುವವನನ್ನು ಕೇಳಿದರೆ, ಹೌದ್ರಿ, ಕಾಲುವೆ ನೀರಿನ್ಯಾಗ ನಿಂತಿದ್ದೆ, ಇಲಿ ಬಾಳ, ಜ್ವರಾನೂ ಬಂದಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೊಳೆ ಉಕ್ಕಿ ಹೊಲಕ್ಕೆ ನುಗ್ಗಿದ ವರ್ಷ ಮುನವಳ್ಳಿಯಿಂದ ಬಂದವರೂ ಹಾಗೆಯೇ ಹೇಳಿದರು. ಕಿತ್ತೂರಿನಲ್ಲಿ ಟಂಟಂ ಆಟೋ ಓಡಿಸುವ ಹುಡುಗ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೆಂಡತಿ ಕೈಹಿಡಿದು ಎಬ್ಬಿಸಬೇಕು ಎಂಬುದನ್ನೂ ನಗುತ್ತಾ ಹೇಳಿಬಿಟ್ಟ. ಆದರೆ ಇಸ್ತ್ರಿ ಮಾಡಿದ ಧೋತರ, ಬಂಗಾರದ ಕಟ್ಟಿನ ಕನ್ನಡಕ, ನಾಲ್ಕು ತಲೆಮಾರಿನ ಹೆಸರು ಹೊತ್ತು ಬರುತ್ತಾರಲ್ಲ, ಅವರಿಗೆ ಏನೂ ಆಗಿರುವುದೇ ಇಲ್ಲ. ಬಿಸಿಲಿಗೆ ಕಣ್ಣು ಕೆಂಪಾಯಿತು. ಮೊಬೈಲ್ ನೋಡಿ ಕೆಂಪಾಯಿತು. ಯಾರದೋ ದೃಷ್ಟಿ ತಾಗಿ ಕೆಂಪಾಯಿತು.

"ನಿಮ್ಮ ಕಡೆ ದೊಡ್ಡ ಮನೆತನಗಳಲ್ಲಿ ಟಿ.ಬಿ. ಅನ್ನೋದೇ ಇಲ್ವಲ್ಲ?" ಎಂದು ಮೈಸೂರು ಕಡೆಯ ನಮ್ಮ ಡಾಕ್ಟರು ಒಮ್ಮೆ ಬೆರಗಿನಿಂದ ಕೇಳಿದರು.

"ಟಿ.ಬಿ. ಅದರಿ. ಹೇಳೋ ಬಾಯಿ ಇಲ್ಲ" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ. ಯಾವ ಕಾರಣವನ್ನು ಹೇಳಲು ಯಾರಿಗೆ ನಾಚಿಕೆಯಿಲ್ಲವೋ ಆ ಕಾರಣ ಆ ಜನದ ಲೆಕ್ಕಕ್ಕೆ ಹೋಗುತ್ತದೆ, ಅಷ್ಟೇ. ದೊಡ್ಡ ದೊಡ್ಡ ಊರುಗಳಲ್ಲಿ ಕೂತು ಯಾವ ಜನಕ್ಕೆ ಯಾವ ರೋಗ ಎಂದು ಬಣ್ಣ ತುಂಬುವವರು ಈ ಮೇಜಿನ ಮುಂದೆ ಒಂದು ದಿನ ಕೂರಬೇಕು.

ಸುಳ್ಳಿನ ಈ ವಿದ್ಯೆ ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದು ನಾನು ಅಂಥದ್ದೇ ಮನೆಯಲ್ಲಿ ಹುಟ್ಟಿದವಳು ಎಂಬ ಕಾರಣಕ್ಕೆ. ನಮ್ಮದು ಮುರಗೋಡದಲ್ಲಿ ಮಠದ ಹಿಂದಿನ ಓಣಿ. ಮುತ್ತಜ್ಜ ಪುರಾಣ ಹೇಳುತ್ತಿದ್ದರು, ಅಜ್ಜ ಪಂಚಾಂಗ ನೋಡುತ್ತಿದ್ದರು, ಅಪ್ಪ ಸಾಲಿ ಮಾಸ್ತರರಾಗಿದ್ದರು. ಅಣ್ಣ ಜೀವವಿಮೆಯ ಏಜೆಂಟ್. ಊರಿನವರ ಮನೆಮನೆಗೂ ಹೋಗಿ, ನಿಮ್ಮಪ್ಪಗೇನಾಗಿತ್ತು, ನಿಮ್ಮವ್ವಗೇನಾಗಿತ್ತು ಎಂದು ಕೇಳಿ, ಅವರು ಏನೇ ಹೇಳಲಿ "ಏನೂ ಇಲ್ಲ" ಎಂದು ತುಂಬಿಸುವುದರಲ್ಲಿ ಎತ್ತಿದ ಕೈ. ಅವನಿಗೂ ನನಗೂ ಇರುವ ಕೆಲಸ ಹೆಚ್ಚುಕಡಿಮೆ ಒಂದೇ ಎಂಬುದು ನೆನಪಾದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

ಅಪ್ಪನಿಗೆ ಕೊನೆಕೊನೆಗೆ ಟಿ.ಬಿ. ಆಗಿತ್ತು. ಮನೆಯಲ್ಲಿ ಆ ಎರಡಕ್ಷರಕ್ಕೆ ಪ್ರವೇಶವಿರಲಿಲ್ಲ. "ಆಸ್ತಮಾ" ಎನ್ನುತ್ತಿದ್ದರು. ಸವದತ್ತಿ ತಾಲೂಕಿನ ಸರಕಾರಿ ದವಾಖಾನೆಗೆ ಹೋದರೆ ಪರಿಚಯದವರು ಕಾಣುತ್ತಾರೆಂದು ಅಣ್ಣ ಬೇರೆ ತಾಲೂಕಿನಿಂದ ಗುಳಿಗೆ ತರುತ್ತಿದ್ದ. ಅವನ್ನು ಚ್ಯವನಪ್ರಾಶದ ಡಬ್ಬಿಯಲ್ಲಿ ಇಡುತ್ತಿದ್ದರು. ಅಣ್ಣನ ಮಗಳು ಅಜ್ಜನ ಕೋಣೆಯಲ್ಲಿಯೇ ಮಲಗುತ್ತಿದ್ದಳು, ಬಿಸಿನೀರು ಕಾಯಿಸಿ ಗುಳಿಗೆ ನುಂಗಿಸುತ್ತಿದ್ದವಳೂ ಅವಳೇ. ಅಪ್ಪ ಹೋದ ಮೇಲೆ ಡಬ್ಬಿಯನ್ನು ತೊಳೆದು ಅದರಲ್ಲಿ ಸಾಸಿವೆ ತುಂಬಿಸಿದರು. ರೋಗವೂ ಅಲ್ಲಿಗೆ ತೊಳೆದು ಹೋಯಿತೆಂದು ನಮ್ಮವರ ತಿಳುವಳಿಕೆ.

ಆ ಹುಡುಗಿ ಓದಿ ಸವದತ್ತಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆದಳು. ಹೋದ ವರ್ಷ ಅವಳ ಎಡಗಣ್ಣು ಕೆಂಪಾಯಿತು. ಅಣ್ಣ ಮೆಡಿಕಲ್ ಅಂಗಡಿಯ ಹನಿ ತಂದ. ಬೆಳ್ಳಗಾಯಿತು. ಮತ್ತೆ ಕೆಂಪಾಯಿತು, ಮತ್ತೆ ಹನಿ, ಮತ್ತೆ ಬೆಳ್ಳಗೆ. ಬೋರ್ಡಿನ ಮೇಲೆ ತಾನೇ ಬರೆದ ಅಕ್ಷರ ಮಸುಕಾಗಿ ಕಾಣುತ್ತದೆ ಎಂದು ಅವಳು ನನಗೆ ಫೋನಿನಲ್ಲಿ ಹೇಳಿದಾಗ, ಸವದತ್ತಿ ಶಿಬಿರಕ್ಕೆ ಬಾ ಎಂದೆ. ನನ್ನ ಅಣ್ಣನ ಜೊತೆ ಬಂದಳು.

ಸಾಲಿನಲ್ಲಿ ಅವರ ಮುಂದೆ ಬ್ಯಾಂಕಿನ ಅಧಿಕಾರಿಯೊಬ್ಬರಿದ್ದರು. ಬೌದ್ಧ ಕುಟುಂಬದವರು, ಬೈಲಹೊಂಗಲದಲ್ಲಿ ನಾನೀಗ ಇರುವ ಓಣಿಯವರೇ. ನಾನು ಟಿ.ಬಿ. ಪ್ರಶ್ನೆ ಕೇಳಿದೆ.

"ನಮ್ಮವ್ವಗ ಆಗಿತ್ರಿ. ಪೂರಾ ಗುಳಿಗಿ ತಗೊಂಡ್ಲು, ಆರಾಮ ಆದ್ಲು. ಈಗೂ ನನಗಿಂತ ಜೋರ ನಡೀತಾಳ" ಎಂದರು ಅವರು.

ಹಿಂದೆ ನಿಂತಿದ್ದ ಅಣ್ಣ ಮೂಗು ಮುರಿದ. ಅವರು ಒಳಗೆ ಹೋದ ಮೇಲೆ ನನ್ನತ್ತ ಬಗ್ಗಿ, "ಅಂಥವರಿಗೆಲ್ಲಾ ಅದು ಇರೋದೇ ಬಿಡು" ಎಂದ. ಆಮೇಲೆ ಅದೇ ಕುರ್ಚಿಯ ಮೇಲೆ ಕೂತ. ಕೂರುವ ಮೊದಲು ಕರವಸ್ತ್ರದಿಂದ ಕುರ್ಚಿಯನ್ನು ಒರೆಸಿದ. ಒಡಹುಟ್ಟಿದವನ ಬಗ್ಗೆ ಹೀಗೆ ಬರೆಯಬಾರದು ಎನ್ನುವವರಿದ್ದಾರೆ. ನನಗೆ ಅವನ ಬಗ್ಗೆ ಅಸಹ್ಯವಾಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲು ಬರುವುದಿಲ್ಲ.

"ಮನಿಯೊಳಗ ಯಾರಿಗರೆ ಟಿ.ಬಿ. ಆಗಿತ್ತೇನ್ರಿ?" ಎಂದು ಅವನನ್ನೂ ಬಹುವಚನದಲ್ಲಿಯೇ ಕೇಳಿದೆ.

"ಇಲ್ಲ. ನಮ್ಮ ಮನಿತನದಾಗ ಅಂಥಾದ್ದು ಏನೂ ಇಲ್ಲ."

"ಅಪ್ಪಗ?"

"ಆಸ್ತಮಾ ಇತ್ತಲ್ಲವಾ, ನಿನಗ ಗೊತ್ತಿಲ್ಲೇನು?"

ನನ್ನ ಕಣ್ಣಿಗೇ ಮಣ್ಣೆರಚಲು ನೋಡಿದ. ನಾನು ಎದ್ದು ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಡಾಕ್ಟರಿಗೆ ಹೇಳಿದೆ. ಅವರು ಕಣ್ಣು ನೋಡಿದರು. ಹಿಂಭಾಗದಲ್ಲಿ ನೋಟದ ನಡುವಿಗೆ ಹತ್ತಿರವೇ ಉರಿಯೂತವಿದೆ, ತಡಮಾಡಿದರೆ ಕಲೆ ಉಳಿಯುತ್ತದೆ ಎಂದರು. ಎದೆಯ ಎಕ್ಸ್‌ರೇಗೆ ಬರೆದುಕೊಟ್ಟು, ಮುಂಗೈಯ ಚರ್ಮದಡಿ ಟಿ.ಬಿ. ಪರೀಕ್ಷೆಯ ಸೂಜಿ ಹಾಕಿಸಿದರು. ಅಲ್ಲಿ ಬಾವು ಎದ್ದರೆ ಅದನ್ನು ಅಳತೆ ಮಾಡಿ ನೋಡಬೇಕು, ಸೋಮವಾರ ಬೈಲಹೊಂಗಲಕ್ಕೆ ಕರೆತನ್ನಿ, ಯಾರೋ ನೋಡಿ ಹೇಳಿದರೆ ನಡೆಯುವುದಿಲ್ಲ ಎಂದು ಅಣ್ಣನಿಗೆ ಒತ್ತಿ ಹೇಳಿದರು. ಅಣ್ಣ ತಲೆಯಾಡಿಸಿದ.

ಸೋಮವಾರಕ್ಕಿಂತ ಮೊದಲು ಭಾನುವಾರವಿತ್ತು. ಭಾನುವಾರ ರಾಮದುರ್ಗದಿಂದ ವರನ ಕಡೆಯವರು ಹುಡುಗಿಯನ್ನು ನೋಡಲು ಬರುವವರಿದ್ದರು.

ನಾನು ಬೆಳಿಗ್ಗೆಯೇ ಮುರಗೋಡಕ್ಕೆ ಹೋದೆ. ಹುಡುಗಿಯ ಮುಂಗೈ ಮೇಲೆ ಬಾವು ಕೆಂಪಗೆ, ಗಟ್ಟಿಯಾಗಿ ಎದ್ದು ನಿಂತಿತ್ತು. ಅಳತೆಪಟ್ಟಿ ಬೇಡ, ಹೊಸ್ತಿಲಲ್ಲಿ ನಿಂತೇ ಹೇಳಬಹುದಿತ್ತು. ಮನೆಯವರ ಚಿಂತೆ ಅದರ ಅರ್ಥದ ಬಗ್ಗೆ ಅಲ್ಲ, ಅದು ಕಾಣಿಸುವುದರ ಬಗ್ಗೆ. ಅಣ್ಣ ಬ್ಯಾಂಡೇಜ್ ಕಟ್ಟೋಣ ಎಂದ. ವೈನಿ, ಅಂದರೆ ಅವನ ಹೆಂಡತಿ, ಬ್ಯಾಂಡೇಜ್ ನೋಡಿದರೆ ಕೇಳೇ ಕೇಳುತ್ತಾರೆ ಎಂದಳು. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಎರಡೂ ಕೈಗೆ ಮೊಣಕೈವರೆಗೆ ಮದರಂಗಿ. ಬಾವಿನ ಸುತ್ತ ಒಂದು ದೊಡ್ಡ ಕಮಲ.

"ವೈನಿ, ಅದರ ಮ್ಯಾಲೆ ಮದರಂಗಿ ಹಚ್ಚಬ್ಯಾಡ್ರಿ. ನಾಳೆ ಡಾಕ್ಟರು ಏನು ನೋಡಬೇಕು?" ಎಂದೆ.

"ಡಾಕ್ಟರು ನಾಳೆ ನೋಡ್ತಾರ. ಇವರು ಇವತ್ತ ನೋಡ್ತಾರಲ್ಲ" ಎಂದಳು ವೈನಿ.

ಹುಡುಗಿಗೆ ಮದರಂಗಿ ತಾಗಿದಾಗ ಉರಿಯುತ್ತಿತ್ತು ಎಂದು ಕಾಣುತ್ತದೆ, ತುಟಿ ಕಚ್ಚಿಕೊಂಡಿದ್ದಳು.

ಬಂದವರು ಶಿರಾ ತಿಂದರು, ಉಪ್ಪಿಟ್ಟು ತಿಂದರು, ಎರಡನೇ ಸಲವೂ ಹಾಕಿಸಿಕೊಂಡರು. ಹುಡುಗ ಫೋನ್ ನೋಡುತ್ತಾ ಕೂತಿದ್ದ, ಆಗಾಗ ಕಣ್ಣು ಉಜ್ಜಿಕೊಳ್ಳುತ್ತಿದ್ದ. ಹುಡುಗಿ ಚಹಾ ತಂದಾಗ ಅವನ ತಾಯಿ ಕೈಹಿಡಿದು ಕೂರಿಸಿಕೊಂಡರು. "ಮದರಂಗಿ ಛಲೋ ಬಣ್ಣ ಬಂದೈತಿ ನೋಡವಾ" ಎಂದು ಕಮಲದ ಮೇಲೆ ಬೆರಳಾಡಿಸಿದರು. ಬೆರಳು ಬಾವಿನ ಮೇಲೆ ಬಂದು ನಿಂತಿತು. ಒತ್ತಿ ನೋಡಿದರು. ಮತ್ತೊಮ್ಮೆ, ಅಂಚಿನಿಂದ ಅಂಚಿಗೆ, ನಮ್ಮ ಆಸ್ಪತ್ರೆಯವರು ನೋಡುವ ಹಾಗೆಯೇ ಒತ್ತಿ ನೋಡಿದರು. ಕೈಯನ್ನು ಮೆಲ್ಲಗೆ ಬಿಟ್ಟು ಸೆರಗಿಗೆ ತಮ್ಮ ಬೆರಳು ಒರೆಸಿಕೊಂಡರು.

ಮರುದಿನವೇ ಜಾತಕ ಕೂಡಿಬರಲಿಲ್ಲ ಎಂಬ ಸುದ್ದಿ ಬಂತು. ಜಾತಕ ಕೂಡಿದ ಮೇಲೆಯೇ ಅವರು ಶಿರಾ ತಿನ್ನಲು ಬಂದದ್ದು. ನಮ್ಮವರು ಸುಳ್ಳಿನಲ್ಲಿ ಬಲ್ಲವರಾದರೆ ಅವರೂ ಕಡಿಮೆ ಕುಳಗಳಲ್ಲ.

ಅದೇ ಸೋಮವಾರ ನಾನು ಆಸ್ಪತ್ರೆಯಲ್ಲಿ ಸಂಜೆಯವರೆಗೆ ದಾರಿ ಕಾದೆ. ಅಣ್ಣನಿಗೆ ಫೋನ್ ಮಾಡಿದರೆ, ಬೆಳಗಾವಿಯ ದೊಡ್ಡ ಡಾಕ್ಟರಿಗೆ ತೋರಿಸಿದ್ದೇನೆ, ಅವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದ. ಮಗಳಿಗೆ, ಬೈಲಹೊಂಗಲದ ಡಾಕ್ಟರಿಗೆ ಫೋನಿನಲ್ಲೇ ಹೇಳಿದೆ, ಏನೂ ಭಯವಿಲ್ಲ, ಹನಿ ಮುಂದುವರಿಸಿ ಅಂದರು ಎಂದ. ಇಬ್ಬರು ಹೆಂಗಸರಿಗೆ ಎರಡು ಸುಳ್ಳು, ಎರಡೂ ಒಂದಕ್ಕೊಂದು ತಾಗದ ಹಾಗೆ. ಬೆಳಗಾವಿಯೂ ಇಲ್ಲ, ಎಕ್ಸ್‌ರೇಯೂ ಇಲ್ಲ. ಮುಂದಿನ ವರ ಗೊತ್ತಾಗುವವರೆಗೆ ಮೆಡಿಕಲ್ ಅಂಗಡಿಯ ಹನಿಯಿಂದ ಕಣ್ಣು ಬೆಳ್ಳಗಿದ್ದರೆ ಅವನಿಗೆ ಸಾಕಾಗಿತ್ತು. ಒಳಗೆ ಕಾಣುವುದೋ ಬಿಡುವುದೋ, ನೋಡಲು ಬಂದವರಿಗೆ ತಿಳಿಯುವ ವಿಷಯವಲ್ಲವಲ್ಲ.

ಇದು ನನಗೆ ಗೊತ್ತಾದದ್ದು ಅವಳಿಂದಲೇ, ಕೆಲವು ವಾರಗಳ ಮೇಲೆ. ಒಂದು ದಿನ ಶಾಲೆಯಿಂದ ಫೋನ್ ಮಾಡಿದಳು. "ಅತ್ಯಾ, ಬಲಗಣ್ಣು ಮುಚ್ಚಿ ನೋಡಿದ್ರ ಹುಡುಗರ ಮಾರಿ ಕಾಣವಲ್ದು. ಸುತ್ತಲಿಂದೆಲ್ಲಾ ಕಾಣತದ. ನಡುವ ಏನೂ ಇಲ್ಲ."

ಯಾವ ಡಾಕ್ಟರು ನೋಡುತ್ತಿದ್ದಾರೆ ಎಂದು ಕೇಳಿದೆ. ನಿಮ್ಮ ಡಾಕ್ಟರೇ ಅಲ್ಲವೇ ಎಂದಳು. ಎರಡು ಸುಳ್ಳೂ ಆಗ ಒಂದಕ್ಕೊಂದು ತಾಗಿದವು.

ಅದೇ ವಾರ ಸವದತ್ತಿಯಲ್ಲಿ ಶಿಬಿರವಿತ್ತು. ಅವಳು ಶಾಲೆಯಿಂದ ನೇರ ಬಂದಳು. ಸುದ್ದಿ ತಿಳಿದು ಅಣ್ಣನೂ ಬೈಕಿನಲ್ಲಿ ಹಿಂದೆಯೇ ಬಂದು, ಕುರ್ಚಿ ಒರೆಸುವುದನ್ನೂ ಮರೆತು ಅವಳ ಪಕ್ಕದಲ್ಲಿ ಕೂತ. ಹೊಸ ಡಾಕ್ಟರೊಬ್ಬರು ಬಂದಿದ್ದರು, ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಗಿತ್ತು. ಕೇಳಿದೆ. ಸೊಂಟ ನೋವಿಲ್ಲ. ಬಾಯಿ ಹುಣ್ಣಿಲ್ಲ. ಮಚ್ಚೆ ಇಲ್ಲ. ನಿಂತ ನೀರಿಲ್ಲ.

"ಮನಿಯೊಳಗ ಯಾರಿಗರೆ ಟಿ.ಬಿ.?"

"ಇಲ್ಲ" ಎಂದ ಅಣ್ಣ. ನಾಲಗೆ ಎಷ್ಟು ಪಳಗಿತ್ತೆಂದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಆಗಿತ್ರಿ" ಎಂದಳು ಹುಡುಗಿ. ನನ್ನನ್ನು ಅವಳೂ ಬೇರೆಯವರನ್ನು ಮಾತಾಡಿಸಿದ ಹಾಗೆಯೇ ಮಾತಾಡಿಸಿದಳು. "ಅಜ್ಜಗ ಆಗಿತ್ತು. ಗುಳಿಗಿ ನಾನೇ ಕೊಡತಿದ್ದೆ. ಅವರ ಕೋಣ್ಯಾಗೇ ಮಲಗತಿದ್ದೆ."

"ಹಳೂ ಮಾತಾಡವಾ, ಮಂದಿ ಇದ್ದಾರ" ಎಂದ ಅಣ್ಣ.

"ಮಂದಿಗೆ ಎರಡೂ ಕಣ್ಣು ಅವ, ಅಪ್ಪಾ" ಎಂದಳು ಅವಳು.

ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು, ಸೂಜಿ ಮತ್ತೆ ಹಾಕಿದರು, ಬಾವು ಮತ್ತೆ ಎದ್ದಿತು. ಈ ಸಲ ಅದನ್ನು ಅಳೆದರು. ಟಿ.ಬಿ. ಗುಳಿಗೆಗಳು ಶುರುವಾದವು. ಕಣ್ಣಿನಲ್ಲಿ ಕೂತ ಈ ಟಿ.ಬಿ. ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಅಣ್ಣನಿಗೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಅವನು ಎಲ್ಲವನ್ನೂ ಕೇಳಿ, ವಿಚಾರಿಸಲು ಮನೆಗೆ ಬರುವ ಆಶಾ ಕಾರ್ಯಕರ್ತೆ ಹಿತ್ತಲ ಬಾಗಿಲಿನಿಂದ ಬರಬಹುದೇ ಎಂದು ಕೇಳಿದ. ವೈನಿ ಚ್ಯವನಪ್ರಾಶದ ಡಬ್ಬಿಯಿಂದ ಸಾಸಿವೆಯನ್ನು ಬೇರೆಡೆಗೆ ಸುರಿದು ಮತ್ತೆ ತೊಳೆದಿಟ್ಟಳು. ಹುಡುಗಿ ಗುಳಿಗೆಗಳನ್ನು ಅಡುಗೆಮನೆಯ ಕಿಟಕಿಯಲ್ಲಿ, ಓಣಿಗೆ ಕಾಣುವ ಹಾಗೆ ಇಟ್ಟುಕೊಂಡಳು.

ಉರಿಯೂತ ಪೂರ್ತಿ ಇಳಿದಿದೆ. ಅವಳ ಬಲಗಣ್ಣಿಗೆ ಏನೂ ಆಗಿಲ್ಲ. ಎಡಗಣ್ಣಿನ ನಡುವೆ ಕಲೆ ಉಳಿದಿದೆ. ಮದರಂಗಿ ಹಚ್ಚಿದ ವಾರದಲ್ಲೇ ಶುರು ಮಾಡಿದ್ದರೆ ಉಳಿಯುತ್ತಿರಲಿಲ್ಲವೋ ಏನೋ, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ಅವರು ಮರ್ಯಾದಸ್ಥರು, ಹಾಗೆ ಹೇಳುತ್ತಾರೆ. ನಾನು ಹೇಳುತ್ತೇನೆ, ಉಳಿಯುತ್ತಿರಲಿಲ್ಲ. ಆ ಕಲೆ ನಮ್ಮ ಮನೆತನದ ಗೌರವದ ಕಲೆ. ಅದನ್ನು ಅವಳು ಬದುಕಿರುವವರೆಗೆ ಹೊತ್ತು ತಿರುಗಬೇಕು. ಅಣ್ಣನಿಗೆ ಎರಡೂ ಕಣ್ಣು ಚೆನ್ನಾಗಿವೆ.

ಮೊನ್ನೆ ರಜೆಗೆ ಅವಳು ನನ್ನ ಮನೆಗೆ ಬಂದಿದ್ದಳು. ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ನನ್ನ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಕೈಯೆಲ್ಲ ಸಿಪ್ಪೆಯಾಗಿತ್ತೆಂದು ಸ್ಪೀಕರಿಗೆ ಹಾಕಿದೆ.

"ಗುರುತು ಸಿಕ್ಕಿತೇನ್ರಿ? ನಾವು ರಾಮದುರ್ಗದವರು. ಹೋದ ವರ್ಷ ನಿಮ್ಮ ಅಣ್ಣಾರ ಮನಿಗೆ ಬಂದಿದ್ವಿ" ಎಂದಿತು ಹೆಂಗಸಿನ ದನಿ. ಆಮೇಲೆ ತಗ್ಗಿತು. "ನೀವು ಕಣ್ಣಿನ ದವಾಖಾನ್ಯಾಗ ಇದ್ದೀರಂತ. ನಮ್ಮ ಹುಡುಗಗ ಕಣ್ಣು ಮ್ಯಾಲಿಂದ ಮ್ಯಾಲೆ ಕೆಂಪ ಆಗತಾವ್ರಿ. ಹನಿ ಹಾಕಿದ್ರ ಹೋಗತೈತಿ, ಮತ್ತ ಬರತೈತಿ. ಈಗ ಮಂಜ ಮಂಜ ಅನ್ನಾಕತ್ತ್ಯಾನ. ಯಾರಿಗೂ ತಿಳೀಲಾರದಂಗ ತೋರ್ಸಬೇಕಾಗೇತಿ."

ಶಿರಾ ತಿಂದು ಸೆರಗಿಗೆ ಬೆರಳು ಒರೆಸಿಕೊಂಡ ಆ ತಾಯಿ. ನನಗೆ ಒಳಗೊಳಗೇ ಒಂದು ಕ್ರೂರ ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಕೆಲಸದ ದನಿಯಲ್ಲಿ ಕೇಳಿದೆ.

"ಮನಿಯೊಳಗ ಯಾರಿಗರೆ ಟಿ.ಬಿ. ಆಗಿತ್ತೇನ್ರಿ?"

"ಅಯ್ಯ, ಇಲ್ರಿ. ನಮ್ಮ ಮನಿತನದಾಗ ಅಂಥಾದ್ದು ಏನೂ ಇಲ್ಲ."

ಹಾಗಾದರೆ ಬಿಸಿಲಿಗೆ ಆಗಿರಬೇಕು, ಕಪ್ಪು ಕನ್ನಡಕ ಹಾಕಿಸಿ ಎಂದು ಹೇಳಲು ಬಾಯಿ ತೆರೆದಿದ್ದೆ. ಹುಡುಗಿ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು.

"ನಾನು ಮುರಗೋಡದ ಹುಡುಗೀರಿ. ಮದರಂಗಿ ಹಚ್ಚಿದ್ದೆನಲ್ಲ, ಅಕಿ. ನನ್ನ ಕೈ ಒತ್ತಿ ನೋಡಿದ್ರಿ. ಆ ಬಾವು ಯಾತರದು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು. ಅದರ ಕೂಗು ನಿಂತ ಮೇಲೆ ಆ ಹೆಂಗಸು, "ನಮ್ಮ ಮನಿಯವರಿಗೆ ಆಗಿತ್ತವಾ" ಎಂದರು. ಅಳುತ್ತಿದ್ದರೋ ಏನೋ.

"ಬುಧವಾರ ಡಾಕ್ಟರು ಇರ್ತಾರ. ಕರಕೊಂಡು ಬರ್ರಿ" ಎಂದಳು ಹುಡುಗಿ. "ಕೈಗೆ ಸೂಜಿ ಹಾಕತಾರ. ಅದರ ಮ್ಯಾಲೆ ಏನೂ ಹಚ್ಚಬ್ಯಾಡ್ರಿ."

ನಾನಾಗಿದ್ದರೆ ಬುಧವಾರದ ಮಾತು ಎತ್ತುತ್ತಿರಲಿಲ್ಲ. ಅವಳು ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಿನಿಂದ ಫೋನಿನ ಮೇಲಿನ ಕೆಂಪು ಗುರುತನ್ನು ಹುಡುಕಿ ಒತ್ತಿದಳು.